ಗಿರಾಕಿ ಬದುಕಿದ್ದಾರೆ

ಈ ದೇಶದಲ್ಲಿ ದಿನವೂ ಕೋಟಿಗಟ್ಟಲೆ ಕೈ ದಾಟುವ ಮುಖಚಿತ್ರವೆಂದರೆ ನೋಟಿನ ಮೇಲಿನ ಗಾಂಧೀಜಿಯದು. ಅದನ್ನು ಅಚ್ಚು ಹಾಕುವ ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಆ ಮುಖವನ್ನು ಎಣಿಸಿ ಎಣಿಸಿ ಕೊಟ್ಟವನು ನಾನು. ಸರ್ವೀಸು ಪೂರ್ತಿ ಒಬ್ಬ ಗಿರಾಕಿಯೂ ‘ಮುಖ ಸ್ವಲ್ಪ ಕಪ್ಪಾಯ್ತು ಸಾರ್, ಇನ್ನೊಂದು ಪ್ರಿಂಟ್ ಹಾಕಿಕೊಡಿ’ ಎಂದು ನೋಟು ವಾಪಸ್ ಮಾಡಲಿಲ್ಲ. ಆ ಧೈರ್ಯದ ಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡು, ಮನೆಮುಂದಿನ ಕಾರ್ ಶೆಡ್ಡಿಗೆ ಬಾಗಿಲು ಹಾಕಿಸಿ, ಪೋರ್ಟ್ರೇಟ್ ಸ್ಟುಡಿಯೊ ಎಂದು ಬೋರ್ಡು ಬರೆಸಿದೆ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಊರಿನಲ್ಲಿ ಹುಟ್ಟಿದವನಿಗೆ ಕ್ಯಾಮೆರಾ ತಾನಾಗಿ ಒಲಿಯುತ್ತದೆಂಬ ಹಮ್ಮು ಬೇರೆ. ‘ಕಾರು ಎಲ್ಲಿ ನಿಲ್ಲಿಸ್ತೀರಿ?’ ಎಂದಳು ಹೆಂಡತಿ. ಕಾರು ಮಾರಿಯೇ ಲೆನ್ಸು ಕೊಂಡಿದ್ದರಿಂದ ಆ ಸಮಸ್ಯೆ ತಾನಾಗಿ ಬಗೆಹರಿದಿತ್ತು.

ಬಂದ ಗಿರಾಕಿಗಳಿಗೆ ಫೋಟೋ ಬೇಕಿತ್ತು, ಪ್ರಿಂಟ್ ಬೇಕಿರಲಿಲ್ಲ. ‘ಸಾಫ್ಟ್ ಕಾಪಿ ವಾಟ್ಸ್ಯಾಪ್ ಮಾಡಿಬಿಡಿ ಸಾರ್, ಸಾಕು.’ ನನ್ನ ಕ್ಯಾಮೆರಾ 6000 ಪಿಕ್ಸೆಲ್ ಅಗಲದ ಚಿತ್ರ ಕೊಡುತ್ತದೆ. ವಾಟ್ಸ್ಯಾಪು ಅದನ್ನು ಸುಮಾರು 1600ಕ್ಕೆ ಕುಗ್ಗಿಸಿ ದಾಟಿಸುತ್ತದೆ. ಗಿರಾಕಿ ಅದನ್ನು ಡಿಪಿಯ ಗುಂಡಗಿನ ಕಿಂಡಿಯೊಳಗೆ ತುರುಕಿ ಎರಡೂ ಕಿವಿ ಕತ್ತರಿಸುತ್ತಾನೆ. ನನ್ನ ಕಾರು ಹೀಗೆ ಕಿವಿಯಿಲ್ಲದ ಮುಖಗಳಲ್ಲಿ ಕರಗಿಹೋಯಿತು.

ಪ್ರಿಂಟ್ ಕೇಳಿದವರದು ಇನ್ನೊಂದು ಕಥೆ. ಕಂಪ್ಯೂಟರ್ ಪರದೆ ತಾನೇ ಬೆಳಗುತ್ತದೆ, ಕಾಗದಕ್ಕೆ ಬೆಳಕು ಹೊರಗಿನಿಂದ ಬೀಳಬೇಕು. ಹಾಗಾಗಿ ಪರದೆಯಲ್ಲಿ ಕಳೆಕಳೆಯಾಗಿದ್ದ ಮುಖ ಕಾಗದಕ್ಕಿಳಿದಾಗ ಜ್ವರ ಬಿಟ್ಟೆದ್ದವರ ಮುಖವಾಗಿರುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಎಂಬ ಮಹಾನುಭಾವ ಕ್ಯಾಮೆರಾ, ನೆಗೆಟಿವ್, ಪ್ರಿಂಟ್ ಎಂದು ಮೂರು ಪುಸ್ತಕ ಬರೆದ. ಕೊನೆಯದು ಬಂದದ್ದು 1983ರಲ್ಲಿ. ನಾನು ಮೊದಲನೆಯದನ್ನು ಓದಿ ಬೋರ್ಡು ಬರೆಸಿದವನು.

ಇನ್ನು ಲ್ಯಾಬು. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗನ ಕೈ ಸುಮ್ಮನಿರುವುದಿಲ್ಲ. ಯಾವ ಫೈಲು ಬಂದರೂ ಮುಖ ಬೆಳ್ಳಗೆ ಮಾಡುವುದು, ಸುಕ್ಕು ಒರೆಸುವುದು, ಕೆನ್ನೆಗಿಷ್ಟು ಕೆಂಪು ಬೆರೆಸುವುದು ಅವನ ಕುಲಧರ್ಮ. ‘ಕರೆಕ್ಷನ್ ಬೇಡ’ ಎಂದು ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದರೂ, ‘ಪಾಪ, ಹೊಸಬರು, ಗೊತ್ತಿಲ್ಲ’ ಎಂಬ ಕನಿಕರದಿಂದ ಮಾಡಿಯೇ ಕೊಡುತ್ತಾನೆ. ಈ ನಾಡಿನ ಎಣ್ಣೆಗೆಂಪು, ಗೋಧಿ, ನಸುಗಪ್ಪು ಮೈಬಣ್ಣಗಳೆಲ್ಲ ತಪ್ಪು, ಅವನ್ನು ತಿದ್ದಲೇಬೇಕು ಎಂದು ಆ ಹುಡುಗನಿಗೆ ಕಲಿಸಿಕೊಟ್ಟವರು ಯಾರೋ, ಅವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇಂಥ ಹೊತ್ತಿನಲ್ಲಿ ಬಂತು ದೊಡ್ಡ ಆರ್ಡರು. ನಂಜನಗೂಡಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಮಾಡುವವರಿದ್ದರು. 20×30 ಇಂಚಿನ ಭಾವಚಿತ್ರ, ಕಟ್ಟು ಹಾಕಿಸಿ, ಮನೆಗೇ ತಲುಪಿಸಬೇಕು. ಮೇಷ್ಟ್ರನ್ನು ಅವರ ಮನೆ ಕಿಟಕಿಯ ಪಕ್ಕದಲ್ಲೇ ಕೂರಿಸಿ ತೆಗೆದೆ. 6000 ಪಿಕ್ಸೆಲ್ಲನ್ನು 30 ಇಂಚಿಗೆ ಹಂಚಿದರೆ ಇಂಚಿಗೆ ಬರುವುದು 200, ಲ್ಯಾಬಿನವರ ಮಂತ್ರವಾದ 300 ಅಲ್ಲ. ಗೋಡೆಯ ಚಿತ್ರವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲವಾದ್ದರಿಂದ ಅಷ್ಟು ಸಾಕು. ಲ್ಯಾಬಿನ ಹುಡುಗನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತೆ. ಟ್ಯೂಬ್‌ಲೈಟ್ ಹೊಳೆಯಬಾರದೆಂದು ಮ್ಯಾಟ್ ಪೇಪರ್ ಆರಿಸಿದೆ. ಕಟ್ಟು ಹಾಕುವ ಅಂಗಡಿಯಲ್ಲಿ, ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಮೌಂಟ್ ಇರಲೇಬೇಕು, ಇಲ್ಲವಾದರೆ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ ಎಂದು ಉಪನ್ಯಾಸ ಕೊಟ್ಟೆ. ಕಟ್ಟು ಯಾವ ಬಣ್ಣದ್ದು ಎಂದು ಕೇಳಿದಾಗ, ಕಲಾವಿದನ ಗತ್ತಿನಲ್ಲಿ ‘ಕಪ್ಪು’ ಎಂದೆ. ಅಂಗಡಿಯವರು ಯಾಕೋ ಧ್ವನಿ ತಗ್ಗಿಸಿ, ‘ಆಯ್ತು ಸಾರ್, ಬೇಗ ಮಾಡ್ಕೊಡ್ತೀವಿ’ ಎಂದರು. ಆಗಲೇ ಹೊಳೆಯಬೇಕಿತ್ತು.

ಸೋಮವಾರ, ಅದೂ ಶಕ್ತಿ ಯೋಜನೆ ಬಂದ ಮೇಲಿನ ಸೋಮವಾರ, ನಂಜನಗೂಡಿನ ಬಸ್ಸು ಹೇಗಿರುತ್ತದೆಂದು ಬಲ್ಲವರು ಬಲ್ಲರು. ಪೇಪರ್ ಸುತ್ತಿದ ಫೋಟೋವನ್ನು ಎದೆಗವಚಿಕೊಂಡು ಹತ್ತಿದೆ. ಯಾರದೋ ಬುಟ್ಟಿ ತಗುಲಿ ಪೇಪರ್ ಹರಿಯಿತು. ಮೂಲೆಯಲ್ಲಿ ಹರಿಯಬಹುದಿತ್ತು, ಹಿಂಬದಿಯಲ್ಲಿ ಹರಿಯಬಹುದಿತ್ತು. ಹರಿದದ್ದು ಸರಿಯಾಗಿ ಮುಖದ ಮೇಲೆ. ಕಪ್ಪು ಕಟ್ಟಿನೊಳಗಿಂದ ಮೇಷ್ಟ್ರು ಹಾಜರಿ ತೆಗೆದುಕೊಳ್ಳುವ ಗಾಂಭೀರ್ಯದಲ್ಲಿ ಇಡೀ ಬಸ್ಸನ್ನು ನೋಡಿದರು. ಬಸ್ಸಿನ ಗದ್ದಲ ನಿಂತಿತು.

‘ಅಯ್ಯೋ ಶಿವನೇ! ಯಾವಾಗಪ್ಪ?’ ಎಂದರು ಮುಂದಿನ ಸೀಟಿನ ಅಮ್ಮ.

ಫೋಟೋ ತೆಗೆದ ದಿನ ನೆನಪಿಸಿಕೊಂಡು ‘ಹೋದ ಭಾನುವಾರ ಅಮ್ಮ’ ಎಂದೆ.

‘ಹಂಗಾರೆ ತಿಥಿ ಇನ್ನೂ ಮುಂದಕ್ಕದೆ.’

ಕಾಲೇಜು ಹುಡುಗಿಯೊಬ್ಬಳು ತಟ್ಟನೆ ಎದ್ದು ‘ಕೂತ್ಕೊಳ್ಳಿ ಅಂಕಲ್’ ಎಂದಳು. ಕೂತೆ. ಮೇಷ್ಟ್ರು ನನ್ನ ತೊಡೆಯ ಮೇಲೆ ಕೂತರು.

‘ನಿಮ್ಮ ತಂದೆಯೋರಾ?’

‘ಅಲ್ಲ.’

‘ಹೆಣ್ಣು ಕೊಟ್ಟ ಮಾವನೋರಾ?’

‘ಅಲ್ಲಮ್ಮ, ಗಿರಾಕಿ.’

ಪಕ್ಕದ ಹೆಂಗಸು ಆ ಅಮ್ಮನ ಕಿವಿಯಲ್ಲಿ, ‘ಪಾಪ, ಏನೋ ಬಾಕಿ ಬರಬೇಕಾಗಿತ್ತೇನೋ’ ಎಂದದ್ದು ನನಗೂ ಕೇಳಿಸಿತು. ಅಡ್ವಾನ್ಸು ಮಾತ್ರ ಬಂದಿದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

ಮೇಷ್ಟ್ರು ಗುಂಡುಕಲ್ಲಿನಂತಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಅಮ್ಮ ಮುಂದಕ್ಕೆ ಬಾಗಿ, ‘ಮುಖದಲ್ಲಿ ಎಂಥಾ ಕಳೆ ನೋಡು. ಈಗ ಮಾತಾಡ್ತಾರೇನೋ ಅನ್ನೋ ಹಂಗದೆ’ ಎಂದರು. ಇನ್ನೊಬ್ಬಾಕೆ, ‘ಕಣ್ಣು ನೋಡಕ್ಕ, ಪಸೆ ಆರಿಲ್ಲ’ ಎಂದಳು. ಆ ಪಸೆ ಕಿಟಕಿಯ ಬೆಳಕು! ಅದು ಕಣ್ಣೊಳಗೆ ಬೀಳಲೆಂದು ಆ ಹಿರಿಯರನ್ನು ಕುರ್ಚಿ ಸಮೇತ ಕೋಣೆಯೆಲ್ಲ ಎಳೆದಾಡಿದ್ದೆ. ಹೆಂಡತಿ ಗಮನಿಸಿರಲಿಲ್ಲ, ಲ್ಯಾಬಿನವನು ಗಮನಿಸಿರಲಿಲ್ಲ, ಆರ್ಡರು ಕೊಟ್ಟವರೂ ಗಮನಿಸಿರಲಿಲ್ಲ. ನನ್ನ ಕಲೆಗೆ ಮೊದಲ ವಿಮರ್ಶಕರು ಸಿಕ್ಕಿದ್ದು ಬಸ್ಸಿನಲ್ಲಿ.

ಈಗ ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಸತ್ತವರು ಮಾತಾಡುವ ಹಾಗೆ ಕಂಡರೆ ಅದು ಕಲೆ. ಬದುಕಿರುವವರು ಮಾತಾಡುವ ಹಾಗೆ ಕಂಡರೆ ಅದರಲ್ಲೇನು ವಿಶೇಷ? ಕಡಕೊಳ ಬರುವವರೆಗೆ ಮೇಷ್ಟ್ರು ಹಾಗೇ ಇರಲಿ ಎಂದುಕೊಂಡೆ. ಕಡಕೊಳ ಬಂತು, ಹೋಯಿತು. ಹಿಂದಿನ ಸೀಟಿನವರು ‘ನಮಗೂ ಸ್ವಲ್ಪ ತೋರಿಸಿ’ ಎಂದಾಗ ಉಳಿದ ಪೇಪರನ್ನು ನಾನೇ ಬಿಚ್ಚಿ, ಬೆಳಕು ಓರೆಯಾಗಿ ಬೀಳುವಂತೆ ಕಟ್ಟನ್ನು ತಿರುಗಿಸಿ ಹಿಡಿದೆ. ‘ಮ್ಯಾಟ್ ಪೇಪರು, ಹೊಳೆಯಲ್ಲ’ ಎಂದು ಮೆಲ್ಲಗೆ ಸೇರಿಸಿದೆ. ‘ದುಃಖದಲ್ಲಿ ಏನೇನೋ ಮಾತಾಡ್ತಾವ್ರೆ’ ಎಂದರು ಯಾರೋ. ಕಂಡಕ್ಟರು ಟಿಕೆಟ್ ಮೆಷಿನ್ ಹಿಡಿದು ಬಂದವರು ಕಟ್ಟಿನ ಉದ್ದ ಅಗಲ ಅಳೆದು ನೋಡಿ, ‘ಇಂಥಾ ಹೊತ್ನಲ್ಲಿ ಲಗೇಜು ಕೇಳೋಕಾಗುತ್ತಾ ಸಾರ್’ ಎಂದು ನನಗೊಬ್ಬನಿಗೇ ಟಿಕೆಟ್ ಹರಿದರು. ತಾಂಡವಪುರ ದಾಟುವಷ್ಟರಲ್ಲಿ ಆ ಅಮ್ಮ ತನ್ನ ಚೀಲದಿಂದ, ನಂಜುಂಡೇಶ್ವರನಿಗೆಂದು ಒಯ್ಯುತ್ತಿದ್ದ ಮಲ್ಲಿಗೆಯಲ್ಲಿ ಒಂದು ಗೇಣು ಕಿತ್ತು ಕಟ್ಟಿನ ಮೇಲೆ ಇಳಿಬಿಟ್ಟರು. ತಡೆಯಬೇಕೆನ್ನಿಸಿತು. ಆದರೆ ಕಪ್ಪು ಕಟ್ಟಿಗೆ ಬಿಳಿ ಮಲ್ಲಿಗೆ ಎಷ್ಟು ಒಪ್ಪಿತ್ತೆಂದರೆ, ಮೊಬೈಲ್ ತೆಗೆದು ಅದರದೂ ಒಂದು ಫೋಟೋ ಹೊಡೆದುಕೊಂಡೆ.

ಮನೆ ತಲುಪಿದಾಗ ಮೇಷ್ಟ್ರು ಜಗುಲಿಯಲ್ಲೇ ಕೂತಿದ್ದರು. ಹೂವು ತೆಗೆಯಲು ಮರೆತಿದ್ದೆ. ಅವರು ಕನ್ನಡಕ ಏರಿಸಿ ತಮ್ಮನ್ನು ತಾವೇ ಮೇಲಿನಿಂದ ಕೆಳಗೆ ಓದಿದರು. ಮಲ್ಲಿಗೆಯನ್ನು ಮೂಸಿದರು. ‘ಹೂವು ಚೆನ್ನಾಗಿದೆ. ಸ್ವಲ್ಪ ಬೇಗ ಬಂತು’ ಎಂದರು. ಸೊಸೆ ಒಳಗಿನಿಂದ ಬಂದು ಮೂಗು ತಾಗಿಸಿಯೇ ನೋಡಿ, ‘ಮಾವ ಕಪ್ಪಗೆ ಬಂದಿದಾರೆ’ ಎಂದರು. ‘ನಾನು ಇರೋದೇ ಹಂಗಮ್ಮ’ ಎಂದು ಮೇಷ್ಟ್ರು ಆ ಚರ್ಚೆ ಮುಗಿಸಿದರು. ಆಮೇಲೆ ಕಟ್ಟನ್ನು ಹಿಂದೆ ತಿರುಗಿಸಿ, ತಂತಿಯನ್ನು ಬೆರಳಲ್ಲಿ ಜಗ್ಗಿ ನೋಡಿ, ‘ಗಟ್ಟಿಯಾಗಿದೆ. ಎರಡು ಸಲ ಕೆಲಸಕ್ಕೆ ಬರುತ್ತೆ’ ಎಂದರು.

ಕಾಫಿ ಬಂತು. ಮೇಷ್ಟ್ರು ಒಳಗೆ ಹೋಗಿ ಹಳೆಯ ರೇಷನ್ ಕಾರ್ಡು ತಂದರು. ‘ಇದರಲ್ಲಿ ನಮ್ಮನೆಯವಳಿದಾಳೆ. ಇಷ್ಟೇ ದೊಡ್ಡದು ಮಾಡಿಕೊಡೋಕಾಗುತ್ತಾ?’ ಮನೆಮಂದಿಯನ್ನೆಲ್ಲ ಒತ್ತಿ ನಿಲ್ಲಿಸಿ ತೆಗೆದ ಆ ಫೋಟೋದಲ್ಲಿ ಆಕೆಯ ಮುಖ ಹೆಸರುಕಾಳಿನಷ್ಟಿತ್ತು. ಅದರಲ್ಲೂ ಅರ್ಧಕ್ಕೆ ಮಗನ ಹೆಗಲು ಅಡ್ಡ. ಸ್ಕ್ಯಾನರನ್ನು ಎಷ್ಟು ಏರಿಸಿದರೂ ಅಲ್ಲಿ ದೊಡ್ಡದಾಗುವುದು ಚುಕ್ಕಿಗಳು, ಮುಖವಲ್ಲ. ಬೇರೆ ಫೋಟೋ ಇಲ್ಲವೇ ಎಂದೆ. ಮದುವೆಯದು ಗಾಜಿಗೆ ಅಂಟಿಕೊಂಡಿತ್ತಂತೆ, ಬಿಡಿಸಲು ಹೋದಾಗ ಮುಖವೇ ಗಾಜಿನ ಜೊತೆ ಎದ್ದುಬಂತಂತೆ. ಆಮೇಲಿನ ಫೋಟೋಗಳಲ್ಲಿ?

‘ಮನೇಲಿ ಫೋಟೋ ತೆಗೆದಾಗಲೆಲ್ಲ ಅವಳು ಒಳಗೆ ಕಾಫಿ ಮಾಡ್ತಿದ್ಲು’ ಎಂದರು.

ಮೊಮ್ಮಗ ಮೊಬೈಲ್ ಆ್ಯಪಿನಲ್ಲಿ ಅದೇ ಹೆಸರುಕಾಳನ್ನು ತಿದ್ದಿ ತೀಡಿ ತೋರಿಸಿದ್ದನಂತೆ. ರೆಪ್ಪೆ, ಹುಬ್ಬು, ಹಲ್ಲು ಎಲ್ಲ ಸ್ಪಷ್ಟ. ಮೇಷ್ಟ್ರು ತುಂಬ ಹೊತ್ತು ನೋಡಿ, ‘ಹೆಣ್ಣುಮಗಳು ಲಕ್ಷಣವಾಗಿದಾಳೆ. ಯಾರಪ್ಪ ಇವಳು?’ ಎಂದು ಕೇಳಿದರಂತೆ. ಹೇಳುತ್ತ ಅವರೇ ನಕ್ಕರು. ನನಗೆ ಕಾಫಿ ಇಳಿಯಲಿಲ್ಲ.

ಆ ಕೆಲಸ ನಾನು ಒಪ್ಪಿಕೊಳ್ಳಲಿಲ್ಲ. ಅಂಥ ಕಾರ್ಡು, ಅಂಥ ಆಧಾರ್ ಚೀಟಿ, ಅಂಥ ಮಸುಕು ವಾಟ್ಸ್ಯಾಪ್ ಫೋಟೋ ಹಿಡಿದು, ‘ನಾಳೆಯೊಳಗೆ ದೊಡ್ಡದು ಬೇಕು ಸಾರ್’ ಎಂದು ಬರುವವರು ನಮ್ಮ ಕಸುಬಿನ ಎಲ್ಲರ ಬಾಗಿಲಿಗೂ ಬರುತ್ತಾರೆ. ಅವರಿಗೆ ಏನು ಹೇಳಬೇಕೆಂದು ಆಡಮ್ಸನ ಮೂರೂ ಪುಸ್ತಕ ಓದಿದರೂ ಗೊತ್ತಾಗುವುದಿಲ್ಲ.

ಆದ್ದರಿಂದ ಓದುಗ ಮಹಾಶಯರೇ, ನಿಮ್ಮ ಮನೆಯಲ್ಲಿ ಫೋಟೋ ತೆಗೆಯುವಾಗ ಒಳಗೆ ಕಾಫಿ ಮಾಡುತ್ತಿರುವವರು ಯಾರೋ, ಮೊದಲು ಅವರನ್ನು ಹೊರಗೆ ಕರೆಯಿರಿ. ಕಿಟಕಿಯ ಪಕ್ಕ ಕೂರಿಸಿ, ಮೊಬೈಲಿನಲ್ಲಾದರೂ ಸರಿ, ಒಂದು ತೆಗೆಯಿರಿ. ಲ್ಯಾಬಿಗೆ ಕಳಿಸುವಾಗ ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ, ಕುಗ್ಗುವುದಿಲ್ಲ. ‘ಕರೆಕ್ಷನ್ ಬೇಡ’ ಎಂದು ಎರಡು ಸಲ ಹೇಳಿ. ಗಾಜಿಗೂ ಮುಖಕ್ಕೂ ನಡುವೆ ಮೌಂಟ್ ಹಾಕಿಸಿ. ಕಟ್ಟು ಯಾವ ಬಣ್ಣದ್ದಾದರೂ ಇರಲಿ. ನನ್ನ ಸ್ಟುಡಿಯೊಗೇ ಬರಬೇಕೆಂದೂ ಇಲ್ಲ. ಎಲ್ಲಿಗೆ ಹೋದರೂ ಅವರು ಇರುವಾಗ ಹೋಗಿ.