ಅಟ್ಟದ ಮೇಲಿನ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಶ್ರೀಮನ್ಮೂಷಿಕಕುಲತಿಲಕರೂ, ವಿಘ್ನೇಶ್ವರನ ವಾಹನವಂಶದಲ್ಲಿ ಉದ್ಭವಿಸಿದ ಮಹಾಮಹಿಮರೂ, ನಮ್ಮ ಅಟ್ಟ, ಕಣಜ, ಕೊಟ್ಟಿಗೆ, ಹಿತ್ತಲುಗಳ ನಿರಂಕುಶ ಪ್ರಭುಗಳೂ ಆದ ಇಲಿಮಹಾಶಯರ ಸನ್ನಿಧಾನಕ್ಕೆ, ಅದೇ ಮನೆಯ ನೆಲದ ಮೇಲೆ ತಮ್ಮ ಕೃಪೆಯಿಂದ ವಾಸವಾಗಿರುವ ಒಬ್ಬ ಒಕ್ಕಲಿನ ಗೃಹಸ್ಥನು ಮಾಡುವ ವಿಜ್ಞಾಪನೆಗಳು. ಉಭಯಕುಶಲೋಪರಿ. ತಮ್ಮ ಕ್ಷೇಮಸಮಾಚಾರಕ್ಕೆ ಪತ್ರ ಬರೆಯಿಸುತ್ತಿರಬೇಕೆಂದು ಕೇಳಿಕೊಳ್ಳುವ ವಾಡಿಕೆಯನ್ನು ಇಲ್ಲಿ ಕೈಬಿಟ್ಟಿದ್ದೇನೆ. ಏಕೆಂದರೆ ತಮ್ಮ ಕ್ಷೇಮವೂ ತಮ್ಮ ಸಂತಾನದ ಅಭಿವೃದ್ಧಿಯೂ ಪ್ರತಿರಾತ್ರಿ ದೀಪವಾರಿದ ಮೇಲೆ ನಮ್ಮ ತಲೆಯ ಮೇಲೆಯೇ ಘೋಷಿತವಾಗುತ್ತಿವೆ.

ಸುಗ್ಗಿ ಮುಗಿದು, ಹೊಲದ ರಾಗಿಯೆಲ್ಲ ಕಣ ಸೇರಿ, ಬದುಗಳ ಮೇಲೆ ತಮಗೆ ಮೇವೂ ಮರೆಯೂ ಇಲ್ಲದಂತಾದಾಗ, ತಾವು ಸಕುಟುಂಬಪರಿವಾರರಾಗಿ ಊರ ಕಡೆಗೆ ಪ್ರಯಾಣ ಬೆಳೆಸುವುದು ಅನಾದಿಯಿಂದ ನಡೆದುಬಂದ ಪದ್ಧತಿ. ಅದಕ್ಕೆ ನಮ್ಮ ಹಿರಿಯರೂ ಆಕ್ಷೇಪಿಸಲಿಲ್ಲ, ನಾವೂ ಆಕ್ಷೇಪಿಸುವವರಲ್ಲ. ಆದರೆ ಈ ವರ್ಷ ತಾವು ಅತಿಥಿಗಳಾಗಿ ಬಾರದೆ ಹಕ್ಕುದಾರರಾಗಿ ಬಂದಿರುವಿರಿ. ಮೊನ್ನೆ ಮೂಲೆಯ ರಾಗಿಚೀಲವೊಂದನ್ನು ಎತ್ತಲು ಹೋದಾಗ, ಅದರ ಬಾಯಿಯ ಹೊಲಿಗೆ ಹಾಕಿದುದು ಹಾಕಿದಂತೆಯೇ ಭದ್ರವಾಗಿದ್ದಿತು. ಗೋಡೆಗೆ ಆತುಕೊಂಡಿದ್ದ ಕೆಳಮೂಲೆಯಲ್ಲಿ ಮಾತ್ರ ಕಾಸಿನಗಲದ ದುಂಡುರಂಧ್ರವೊಂದು ಕಾಣಿಸಿ, ಅದರಿಂದ ಧಾನ್ಯವು ಸಣ್ಣ ಧಾರೆಯಾಗಿ ನೆಲಕ್ಕಿಳಿಯಿತು. ಹಿಂದೆ ನೋಡಿದರೆ ಗೋಣಿಯ ನಾರನ್ನು ಹಿಂಜಿ, ಹಳೆಯ ಪಂಚಾಂಗವನ್ನು ಚೂರುಮಾಡಿ ಹಾಸಿದ ಮೆತ್ತನೆಯ ಗೂಡು. ಗೂಡಿನಲ್ಲಿ ಇನ್ನೂ ಕಣ್ಣು ತೆರೆಯದ, ರೋಮ ಮೂಡದ, ನಸುಗೆಂಪು ಬಣ್ಣದ ಶಿಶುಗಳು. ಪಂಚಾಂಗದಲ್ಲಿ ಗೃಹಪ್ರವೇಶದ ಮುಹೂರ್ತಗಳಿದ್ದ ಪುಟವನ್ನೇ ತಾವು ಆರಿಸಿಕೊಂಡುದನ್ನು ಕಂಡು ತಮ್ಮ ಆಸ್ತಿಕ್ಯಬುದ್ಧಿಗೆ ತಲೆದೂಗಿದೆನು.

ತಮ್ಮ ಕುಲದ ಗೃಹಿಣಿಯು ಮೂರು ವಾರಗಳಲ್ಲಿ ಪ್ರಸವಿಸುವಳೆಂದೂ, ಒಂದು ಸೂಲಿಗೆ 5–6 ಮಕ್ಕಳು ಸಾಮಾನ್ಯವೆಂದೂ, ಆ ಮಕ್ಕಳು ಆರೇಳು ವಾರಗಳಲ್ಲಿ ತಾವೇ ಸಂಸಾರ ಹೂಡುವರೆಂದೂ ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮಲ್ಲಿ ಒಂದು ವಿವಾಹದ ಮಾತುಕತೆ ಮುಗಿದು ಲಗ್ನಪತ್ರಿಕೆ ಅಚ್ಚಾಗುವಷ್ಟರಲ್ಲಿ ತಮ್ಮಲ್ಲಿ ಮೊಮ್ಮಕ್ಕಳ ನಾಮಕರಣವಾಗಿರುತ್ತದೆ.

ಹಾಗೆಂದು ನಾವು ಕೈಕಟ್ಟಿ ಕುಳಿತವರಲ್ಲ. ಮೊದಲು ಬೆಕ್ಕನ್ನು ತಂದೆವು; ಅದು ಮನೆಯ ಹಾಲಿನ ರುಚಿ ಕಂಡ ಮೇಲೆ ಹಿಂಸೆಯನ್ನು ತೊರೆದು ಒಲೆಯ ಬಳಿ ಯೋಗನಿದ್ರೆಯಲ್ಲಿದೆ. ಬಳಿಕ ಸುಟ್ಟ ಕೊಬ್ಬರಿಯ ಚೂರನ್ನು ಸಿಕ್ಕಿಸಿ ಬೋನನ್ನು ಇಟ್ಟೆವು. ತಮ್ಮಲ್ಲಿ ಕೆಲವರು ಸಿಕ್ಕಿಬಿದ್ದುದೂ ಉಂಟು. ಆದರೆ ನಮ್ಮೂರಿನಲ್ಲಿ ಜೀವದಯೆ ಅಪಾರವಾದುದರಿಂದ, ನೆರೆಮನೆಯವರು ತಮ್ಮ ಬೋನಿನ ಕೈದಿಗಳನ್ನು ಕೆರೆಯೇರಿಯಾಚೆ ಬಿಟ್ಟುಬರುವುದಾಗಿ ಹೊರಟು ನಮ್ಮ ಹಿತ್ತಲ ಬೇಲಿಯಲ್ಲಿ ಬಿಡುತ್ತಾರೆ. ನಾವೂ ದಯೆಯಲ್ಲಿ ಅವರಿಗೆ ಕಡಮೆಯಾಗಬಾರದೆಂದು ನಮ್ಮ ಕೈದಿಗಳನ್ನು ಅವರ ಬಣವೆಯ ಮಗ್ಗುಲಲ್ಲಿ ಬಿಡುತ್ತೇವೆ. ಕಡೆಗೆ ವಿಷಪ್ರಯೋಗ. ನುಚ್ಚು 96 ಭಾಗ, ಎಣ್ಣೆ 2 ಭಾಗ, ಜಿಂಕ್ ಫಾಸ್ಫೈಡ್ 2 ಭಾಗ ಎಂಬುದು ಕೃಷಿ ತಜ್ಞರ ಸೂತ್ರ. ಅದಕ್ಕೂ ಮೊದಲು ಎರಡು ದಿನ ವಿಷವಿಲ್ಲದ ನುಚ್ಚನ್ನೇ ಇಟ್ಟು ತಮ್ಮ ವಿಶ್ವಾಸವನ್ನು ಸಂಪಾದಿಸಬೇಕೆಂಬುದೂ ಅವರ ಮಾತು. ಆ ಎರಡು ದಿನದ ಔತಣವನ್ನು ತಾವು ಸಾಂಗವಾಗಿ ಮುಗಿಸಿದಿರಿ. ಮೂರನೆಯ ದಿನ ಎಲೆಯಲ್ಲಿಟ್ಟ ವಿಷವನ್ನು ತಮ್ಮವನೊಬ್ಬನು ರುಚಿನೋಡಿ ಅಸ್ವಸ್ಥನಾದುದೇ ತಡ, ಮಿಕ್ಕವರು ಆ ಎಲೆಯ ಬಳಿ ಸುಳಿಯಲಿಲ್ಲ. ಆ ಎಲೆಯನ್ನು ಕೋಳಿ, ನಾಯಿ, ಮಕ್ಕಳಿಂದ ಕಾಯುವ ಕೆಲಸ ಮಾತ್ರ ನಮಗೆ ಉಳಿಯಿತು.

ತಮ್ಮ ಪೂರ್ವಚರಿತ್ರೆಯನ್ನು ನಾವು ಮರೆತಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ, ಅನಂತರದ ವರ್ಷಗಳಲ್ಲಿ ಅದು ಹಳ್ಳಿಹಳ್ಳಿಗೆ ಹರಡಿದಾಗಲೂ, ಇಲಿ ಬಿತ್ತೆಂಬ ಸುದ್ದಿ ಕಿವಿಗೆ ಬೀಳುತ್ತಲೇ ನಮ್ಮ ಹಿರಿಯರು ಒಲೆಯ ಮೇಲಿನ ಅನ್ನವನ್ನು ಬಿಟ್ಟು ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಮಲ್ಲೇಶ್ವರ, ಬಸವನಗುಡಿಗಳಂತಹ ವಿಶಾಲವಾದ ಬಡಾವಣೆಗಳು ತ್ವರಿತವಾಗಿ ಬೆಳೆದುದಕ್ಕೆ ಆ ಮಹಾಮಾರಿಯೂ ಒಂದು ಕಾರಣ. ನಗರನಿರ್ಮಾಣಕ್ಕೆ ಇಷ್ಟು ದುಡಿದ ತಮ್ಮ ಹೆಸರನ್ನು ಅಲ್ಲಿ ಒಂದು ವೃತ್ತಕ್ಕಾದರೂ ಇಡದಿರುವುದು ಅನ್ಯಾಯವೆಂದೇ ಹೇಳಬೇಕು. ಈಗಲೂ ತಮ್ಮ ಮೂತ್ರ ಬೆರೆತ ಕೆಸರುನೀರಿನಲ್ಲಿ ಬರಿಗಾಲಿನಿಂದ ದುಡಿಯುವವನಿಗೆ ಇಲಿಜ್ವರವನ್ನು ಅನುಗ್ರಹಿಸಿ, ತಾವು ಸಂಬಂಧವನ್ನು ಉಳಿಸಿಕೊಂಡಿರುವಿರಿ.

ಇಷ್ಟಾಗಿಯೂ ತಮ್ಮ ಔದಾರ್ಯಕ್ಕೆ ಒಂದು ನಿದರ್ಶನವನ್ನು ಕೊಡದೆ ಮುಂದುವರಿಯಲಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರಷ್ಟೆ. ಆ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಎಂಟು ದೈವಿಕ ಮಹಾಭಯಗಳನ್ನು ಎಣಿಸುವಾಗ, ದುರ್ಭಿಕ್ಷಕ್ಕೂ ಕ್ರೂರಮೃಗಗಳಿಗೂ ನಡುವೆ ತಮಗೆ ಆಸನವನ್ನು ಕಲ್ಪಿಸಿ, ತಮ್ಮ ಮೇಲೆ ಬೆಕ್ಕು ಮುಂಗುಸಿಗಳನ್ನು ಬಿಡಬೇಕೆಂದೂ, ಅವುಗಳನ್ನು ಹಿಡಿದವನಿಗೆ ಅಥವಾ ಕೊಂದವನಿಗೆ 12 ಪಣ ದಂಡವೆಂದೂ, ಬೇಕಾದರೆ ಪ್ರಜೆಗಳ ಮೇಲೆ ಮೂಷಿಕಕರವನ್ನೇ ವಿಧಿಸಬಹುದೆಂದೂ ಆತನು ಶಾಸನ ಮಾಡಿದ್ದಾನೆ. ತಮ್ಮ ಮರಣದಂಡನೆಯೇ ಬರೆದಿದ್ದ ಆ ಗರಿಗಳನ್ನು ಶತಮಾನಗಳ ಕಾಲ ಹಲ್ಲು ಮುಟ್ಟಿಸದೆ ಬಿಟ್ಟಿರಲ್ಲ! ಆ ದಂಡದ ವಿಧಿ ಇಂದಿಗೂ ಜಾರಿಯಲ್ಲಿದ್ದು, ಅದು ಕೇರೆಹಾವಿಗೂ ಗೂಬೆಗೂ ಅನ್ವಯಿಸುವಂತಿದ್ದರೆ, ನಮ್ಮ ಊರಿಗೆ ಊರೇ ಸಾಲದಲ್ಲಿ ಮುಳುಗುತ್ತಿದ್ದಿತು. ವಿಷವಿಲ್ಲದ ಕೇರೆಯನ್ನು ಕಂಡೊಡನೆ ದೊಣ್ಣೆ ಎತ್ತುವವರೂ ನಾವೇ. ರಾತ್ರಿಯೆಲ್ಲ ತಮ್ಮನ್ನು ಬೇಟೆಯಾಡುವ ಕಣಜಗೂಬೆ ಸೂರಿನಲ್ಲಿ ಕುಳಿತರೆ ಅಪಶಕುನವೆಂದು ಕಲ್ಲೆಸೆದು, ಮರುದಿನ ಶಾಂತಿ ಮಾಡಿಸುವವರೂ ನಾವೇ. ತಮ್ಮ ವೈರಿಗಳನ್ನು ಇಷ್ಟು ಶ್ರದ್ಧೆಯಿಂದ ಸಂಹರಿಸುವ ಸೇನೆಯನ್ನು ಯಾವ ಚಕ್ರವರ್ತಿಯೂ ಸಂಬಳವಿಲ್ಲದೆ ಪಡೆದಿರಲಾರನು.

ಆದರೂ ತಮ್ಮ ಬಲದ ಗುಟ್ಟು ಪಂಚತಂತ್ರದಲ್ಲಿಯೇ ಬಯಲಾಗಿದೆ. ಗೂಟಕ್ಕೆ ತೂಗುಹಾಕಿದ ಭಿಕ್ಷಾಪಾತ್ರೆಗೆ ಪ್ರತಿರಾತ್ರಿ ನೆಗೆಯುತ್ತಿದ್ದ ತಮ್ಮ ಪೂರ್ವಜ ಹಿರಣ್ಯಕನನ್ನು ಬಿದಿರುಕೋಲಿನಿಂದ ಹೆದರಿಸಿ ಸಾಕಾದ ಸನ್ಯಾಸಿಯು, ಅತಿಥಿಯ ಮಾತು ಕೇಳಿ ಆತನ ಬಿಲವನ್ನು ಅಗೆಸಿದನು. ಒಳಗಿದ್ದ ನಿಧಿ ಹೊರಬಿದ್ದ ದಿನದಿಂದ ಹಿರಣ್ಯಕನಿಗೆ ನೆಗೆಯುವ ಶಕ್ತಿಯೇ ಉಡುಗಿತು. ನಮ್ಮ ಮನೆಯಲ್ಲಿ ಆ ನಿಧಿಯನ್ನು ತಮ್ಮ ಪರವಾಗಿ ನಾವೇ ಕೂಡಿಟ್ಟಿದ್ದೇವೆ. ಬೆಲೆ ಏರಲೆಂದು ಎರಡು ವರ್ಷದಿಂದ ಗೋಡೆಗೊತ್ತಿ ಪೇರಿಸಿದ ಚೀಲಗಳು. ಎಂದಾದರೂ ಬೇಕಾದೀತೆಂದು ಅಟ್ಟಕ್ಕೇರಿಸಿದ ಕಾಲಿಲ್ಲದ ತೊಟ್ಟಿಲು, ತಳವಿಲ್ಲದ ಕೊಪ್ಪರಿಗೆ, ಮೂರು ತಲೆಮಾರಿನ ಕಂದಾಯದ ರಶೀದಿ, ಗೆದ್ದವರೂ ಸೋತವರೂ ಹಂಚಿದ ಚುನಾವಣೆಯ ಕರಪತ್ರ: ಇವುಗಳಲ್ಲಿ ಒಂದನ್ನೂ ನಾವು ಬಳಸುವುದಿಲ್ಲ, ಒಂದನ್ನೂ ಬಿಡುವುದಿಲ್ಲ. ತಮ್ಮ ನೆಗೆತವೆಲ್ಲ ನಮ್ಮ ಲೋಭದ ಎತ್ತರದಿಂದ ಆರಂಭವಾಗುತ್ತದೆ. ತಮ್ಮ ಮೇಲೆ ಯುದ್ಧವನ್ನು ಘೋಷಿಸುವುದು ನಮಗೆ ಸುಲಭ. ಚೀಲವನ್ನು ಮಾರುವುದೂ ತೊಟ್ಟಿಲನ್ನು ಸೌದೆಮಾಡುವುದೂ ಬಹುಕಷ್ಟ.

ಆದುದರಿಂದ ತಮಗೆ ತಿಳಿಯಪಡಿಸುವುದೇನೆಂದರೆ: ತಿನ್ನಲು ಬೇಕಾದಷ್ಟು ರಾಗಿಯನ್ನು ಮುಚ್ಚಳವುಳ್ಳ ತಗಡಿನ ಡಬ್ಬಗಳಲ್ಲಿ ತುಂಬಿ, ಮಿಕ್ಕುದನ್ನು ಬಂದ ಬೆಲೆಗೆ ಮಾರಲಾಗುವುದು. ಬಿತ್ತನೆಗೆ ಉಳಿಸಿದ ಚೀಲಗಳು ಗೋಡೆಯಿಂದ ಒಂದು ಮೊಳ ದೂರದಲ್ಲಿ ಹಲಗೆಯ ಮೇಲೆ ಕುಳ್ಳಿರುವುವು. ಸಣ್ಣ ಇಲಿಗೆ ಪೆನ್ಸಿಲು ತೂರುವಷ್ಟು ಕಿಂಡಿ ಸಾಕೆಂಬುದು ನಮಗೂ ತಿಳಿದುಬಂದಿರುವುದರಿಂದ, ಅಂತಹವುಗಳನ್ನೆಲ್ಲ ತಂತಿಬಲೆ ತುರುಕಿ ಗಾರೆಯಿಂದ ಮುಚ್ಚಲಾಗುವುದು. ಹುಲ್ಲಿನ ಬಣವೆಯು ಮನೆಯ ಗೋಡೆಯನ್ನು ಬಿಟ್ಟು ಕಣದ ಆಚೆಗೆ ಹೋಗುವುದು. ಈ ನಿಬಂಧನೆಗಳನ್ನು ಇನ್ನೂ ವಿಸ್ತರಿಸುವ ಆಸೆಯಿದ್ದಿತು. ಆದರೆ ನಮ್ಮ ಮನೆಯಾಕೆಯು ಪತ್ರ ಮುಗಿಯುವುದನ್ನು ಕಾಯದೆ ಪೊರಕೆ ಹಿಡಿದು ಅಟ್ಟವನ್ನು ಹತ್ತಿಯಾಗಿದೆ, ಕೆಳಗೆ ಬೀಳುತ್ತಿರುವ ವಸ್ತುಗಳಿಂದ ನನ್ನ ತಲೆಯನ್ನು ರಕ್ಷಿಸಿಕೊಳ್ಳಬೇಕಾಗಿದೆ.

ಇಂತೀ ತಮ್ಮ ವಿಧೇಯ,
ನೆಲಮನೆಯ ನಿವಾಸಿ

ಪ್ರತಿಗಳು:
1. ಒಲೆಯ ಬಳಿಯ ಬೆಕ್ಕಿಗೆ, ಎಚ್ಚರವಾದಾಗ ಅವಗಾಹನೆಗಾಗಿ.
2. ಬೇಲಿಯ ಕೇರೆಹಾವಿಗೂ ಕಣಜಗೂಬೆಗೂ, ದೊಣ್ಣೆಯನ್ನು ಒಳಗಿಟ್ಟಿರುವುದರಿಂದ ಪುನಃ ಕೆಲಸಕ್ಕೆ ಹಾಜರಾಗುವ ಬಗ್ಗೆ.
3. ನೆರೆಮನೆಯವರಿಗೆ, ಕೆರೆಯೇರಿಗೆ ಹೋಗುವ ದಾರಿಯು ನಮ್ಮ ಹಿತ್ತಲನ್ನು ಹಾದುಹೋಗುವುದಿಲ್ಲವೆಂಬ ತಿಳಿವಳಿಕೆಗಾಗಿ.