ಶ್ರವಣಪಂಡಿತನ ಲಕ್ಷಣಗಳು

ತಾಲ್ಲೂಕು ಪೇಟೆಗಳಲ್ಲಿ ಕಾಣಸಿಗುವ ಮನುಷ್ಯ ಮಾದರಿಗಳ ಪೈಕಿ ಜಾತಕ ನೋಡುವ ನಿವೃತ್ತ ಮೇಷ್ಟರು, ಕೋರ್ಟಿನ ಮೆಟ್ಟಿಲು ಸವೆಸಿ ಕಾನೂನು ಕಲಿತ ಜಮೀನ್ದಾರರು, ಎಲ್ಲ ಕಾಯಿಲೆಗೂ ಒಂದು ಸೊಪ್ಪು ಬಲ್ಲ ನೆಂಟರು ಮುಂತಾದವರ ಕಡೆಗೆ ಕನ್ನಡದ ಹಾಸ್ಯಬರಹ ಸಾಕಷ್ಟು ಗಮನ ಹರಿಸಿದ್ದರೂ, ಈಚಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ತಲೆಯೆತ್ತಿರುವ, ಎತ್ತಿದ ತಲೆಯ ಮೇಲೆ ಸದಾ ಏನಾದರೊಂದನ್ನು ಏರಿಸಿಕೊಂಡಿರುವ ಶ್ರವಣಪಂಡಿತನು ಇನ್ನೂ ಸರಿಯಾದ ವರ್ಗೀಕರಣಕ್ಕೆ ಒಳಪಟ್ಟಿಲ್ಲ. ಹಾಡಿಗಿಂತಲೂ ಹಾಡನ್ನು ಕಿವಿಗೆ ಮುಟ್ಟಿಸುವ ಸಾಧನದ ಮೇಲೆ ಹೆಚ್ಚು ಗಮನವಿಟ್ಟು, ಒಂದು ಮೊಪೆಡ್ಡಿನ ಬೆಲೆಗೆ ಹೆಡ್‌ಫೋನ್ ಕೊಂಡು, ಇನ್ನೊಂದು ಮೊಪೆಡ್ಡಿನ ಬೆಲೆಯ ಆಂಪ್ಲಿಫೈಯರ್ ಇಲ್ಲದೆ ಅದು ಪೂರ್ತಿ ಬಾಯಿ ಬಿಡುವುದಿಲ್ಲವೆಂದು ನಂಬಿರುವವನಿಗೆ ಈ ಹೆಸರು ಸಲ್ಲುತ್ತದೆ.

ಈ ವರ್ಗದವರು ಬೆಂಗಳೂರಿನಲ್ಲಿ ಹೇರಳವಾಗಿದ್ದರೂ ಅಧ್ಯಯನಕ್ಕೆ ಹೆಚ್ಚು ತಕ್ಕ ಮಾದರಿಗಳು ದೊರೆಯುವುದು ಸಣ್ಣ ಊರುಗಳಲ್ಲಿಯೇ. ಮಹಾನಗರದಲ್ಲಿ ಅಂಗಡಿಗೆ ಹೋಗಿ ನಾಲ್ಕು ಹೆಡ್‌ಫೋನ್‌ಗಳನ್ನು ತಲೆಗಿಟ್ಟು ನೋಡಿ ಬರಿಗೈಯಲ್ಲಿ ವಾಪಸಾಗಬಹುದು; ಸಣ್ಣ ಊರಿನಲ್ಲಾದರೋ ಎರಡನ್ನು ಹೋಲಿಸಬೇಕೆಂದರೆ ಎರಡನ್ನೂ ಕೊಳ್ಳಬೇಕು, ಇಲ್ಲವೇ ಅದೇ ಹುಚ್ಚು ಹಿಡಿದ ಇನ್ನೊಬ್ಬನನ್ನು ಹುಡುಕಿಕೊಳ್ಳಬೇಕು. ಪ್ರಸ್ತುತ ಪ್ರಬಂಧಕ್ಕೆ ಆಧಾರವಾದ ಇಬ್ಬರೂ ಒಬ್ಬರನ್ನೊಬ್ಬರು ಹೀಗೆಯೇ ಹುಡುಕಿಕೊಂಡವರು. ಒಬ್ಬರು ಚಾಮರಾಜನಗರದ ಹತ್ತಿರದ ಕರಿಕಲ್ಲಿನ ಕ್ವಾರಿಯೊಂದರಲ್ಲಿ ಬಹುಕಾಲ ಲೆಕ್ಕ ಬರೆದು ನಿವೃತ್ತರಾದವರು. ಇನ್ನೊಬ್ಬರು ಗುಂಡ್ಲುಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವವರು. ಎರಡು ಊರುಗಳ ನಡುವೆ ತೆರಕಣಾಂಬಿಯ ಮೇಲೆ ಹಾಯುವ ದಾರಿ ಸುಮಾರು 35 ಕಿಲೋಮೀಟರ್. ಆ ದಾರಿಯ ಬಸ್ಸಿನಲ್ಲಿ, ತರಕಾರಿ ಮೂಟೆಗಳ ನಡುವೆ, ಟವಲಿನಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರು "ದೇವ್ರಾ ಸಾ?" ಎಂದು ಕೇಳಿದರೆ ಅಲ್ಲವೆನ್ನದೆ ಕುಳಿತಿರುವವರನ್ನು ಕಂಡವರು ಲೆಕ್ಕಿಗರನ್ನು ಕಂಡಂತೆಯೇ ಸರಿ. ಎರಡೂ ಮನೆಗಳಲ್ಲಿ ಬಳಕೆಯಿದ್ದ ತಪ್ಪಿಗೆ ಇವರ ನಡುವೆ ತೀರ್ಪುಗಾರನಾಗಿ ನೇಮಕಗೊಂಡ ಮೂರನೆಯವನೊಬ್ಬನಿದ್ದಾನೆ. ಆತನ ಹೆಸರನ್ನು ಹೇಳದಿರಲು ಈ ಪ್ರಬಂಧದ ಲೇಖಕನಿಗೆ ಖಾಸಗಿ ಕಾರಣಗಳಿವೆ.

ಇವರ ವಿವಾದದ ಮೂಲ ತಾಂತ್ರಿಕವಾದದ್ದು. ಹೆಡ್‌ಫೋನಿನಲ್ಲಿ ಧ್ವನಿ ಹುಟ್ಟಿಸುವ ಪದ್ಧತಿಗಳು ಹಲವಿದ್ದು, ಅವುಗಳಲ್ಲಿ ಡೈನಮಿಕ್ ಎಂಬುದರಲ್ಲಿ ತೆಳುಪೊರೆಗೆ ಅಂಟಿಸಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ಸಂದಿನಲ್ಲಿ ಹಿಂದೆಮುಂದೆ ಆಡುತ್ತದೆ; ಜರ್ಮನಿಯ ಬೇಯರ್ ಸಂಸ್ಥೆ 1937ರಲ್ಲಿ ಡಿಟಿ 48 ಎಂಬ ಮಾದರಿಯ ಮೂಲಕ ಬಳಕೆಗೆ ತಂದ ಈ ಪದ್ಧತಿಯೇ ಇಂದಿಗೂ ಹೆಚ್ಚಿನ ಹೆಡ್‌ಫೋನ್‌ಗಳಲ್ಲಿರುವುದು. ಪ್ಲೇನಾರ್ ಎಂಬ ಇನ್ನೊಂದು ಪದ್ಧತಿಯಲ್ಲಿ ಸುರುಳಿಯಿರದೆ, ಪೊರೆಯ ಮೈತುಂಬ ವಿದ್ಯುತ್ತಿನ ಗೆರೆಗಳು ಹಾಯ್ದಿರುತ್ತವೆ. ಪೊರೆಯ ಪಕ್ಕದಲ್ಲಿ ಅಯಸ್ಕಾಂತದ ಪಟ್ಟಿಗಳನ್ನು ಸಾಲಾಗಿ ಇಡಬೇಕಾದ್ದರಿಂದ ತೂಕ ಏರುತ್ತದೆ. ಲೆಕ್ಕಿಗರದು ಮೊದಲನೆಯ ಜಾತಿಯ ಸೆನ್‌ಹೈಸರ್ ಎಚ್‌ಡಿ 650, 2003ರಲ್ಲಿ ಬಂದದ್ದು, ತೂಕ 260 ಗ್ರಾಂ. ಅಂಗಡಿ ಯಜಮಾನರದು ಎರಡನೆಯ ಜಾತಿಯ ಹೈಫೈಮ್ಯಾನ್ ಎಚ್‌ಇ-6, ತೂಕ ಅರ್ಧ ಕಿಲೋ. ಲೆಕ್ಕಿಗರ ಪ್ರಕಾರ ಎರಡನೆಯದು ಹಾಡಲ್ಲ, ವಿಚಾರಗೋಷ್ಠಿ. ಯಜಮಾನರ ಪ್ರಕಾರ ಮೊದಲನೆಯದು ಕಂಬಳಿ ಹೊದ್ದ ಗೋಷ್ಠಿ.

ಆಂಪ್ಲಿಫೈಯರಿನ ವಿಷಯದಲ್ಲಂತೂ ಇಬ್ಬರಲ್ಲಿಯೂ ಶಾಸ್ತ್ರ ಮತ್ತು ನಂಬಿಕೆ ಬೆರೆತುಹೋಗಿವೆ. ಹೆಡ್‌ಫೋನು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಹೊರಡುತ್ತದೆಂಬುದನ್ನು ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. ಎತ್ತು ಎಷ್ಟು ಮೇಯುತ್ತದೆ ಎಂಬುದು ಒಂದು ಲೆಕ್ಕವಾದರೆ, ಮೇದಷ್ಟಕ್ಕೆ ಎಷ್ಟು ಉಳುತ್ತದೆ ಎಂಬುದು ಬೇರೆಯೇ ಲೆಕ್ಕ. ಪಂಡಿತರು ಮೊದಲನೆಯದನ್ನು ಮಾತ್ರ ನೋಡಿ ಎತ್ತಿನ ಬೆಲೆ ಕಟ್ಟುತ್ತಾರೆ. ಲೆಕ್ಕಿಗರ ಹೆಡ್‌ಫೋನು 300 ಓಮಿನದು, ಯಜಮಾನರದು 50 ಓಮಿನದು. ಆದಕಾರಣ ತಮ್ಮದನ್ನು ಪಳಗಿಸುವುದೇ ಕಷ್ಟವೆಂಬ ಹೆಮ್ಮೆ ಲೆಕ್ಕಿಗರದು. ವಾಸ್ತವದಲ್ಲಿ ಎಚ್‌ಡಿ 650ಕ್ಕೆ ಒಂದು ವೋಲ್ಟ್ ಕೊಟ್ಟರೆ ಮೂರು ಮಿಲಿವ್ಯಾಟಿಗೆ ತುಸು ಮೇಲ್ಪಟ್ಟ ಶಕ್ತಿಯಲ್ಲಿಯೇ 103 ಡೆಸಿಬೆಲ್ ಸದ್ದು ಹೊರಡುತ್ತದೆ; ಇದು ಮೊಬೈಲಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಅಡಾಪ್ಟರಿನಿಂದಲೂ ಆಗುವ ಕೆಲಸ. ಎಚ್‌ಇ-6 ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್ ಮಾತ್ರ ಕೊಡುವುದರಿಂದ ಅಷ್ಟೇ ಸದ್ದಿಗೆ ಸುಮಾರು 90 ಮಿಲಿವ್ಯಾಟ್ ಬೇಕು, ಸಂಗೀತದ ಹಠಾತ್ ಏರುಗಳಿಗೆ ಇನ್ನೂ ಎಷ್ಟೋ ಪಟ್ಟು. ಹೀಗಾಗಿ ಯಜಮಾನರು ಸ್ಪೀಕರ್‌ಗೆಂದು ಮಾಡಿದ ಆಂಪ್ಲಿಫೈಯರಿಗೇ ಅದನ್ನು ಜೋಡಿಸಿಕೊಂಡಿರುವುದರಲ್ಲಿ ಅರ್ಥವಿದೆ. ಲೆಕ್ಕಿಗರ ಮನೆಯಲ್ಲಿರುವ ಮೂರು ಆಂಪ್ಲಿಫೈಯರುಗಳಲ್ಲಿ ಹುಡುಕಿದರೆ ಸಿಗುವುದು ಮಮತೆ ಮಾತ್ರ. ಈ ಗಣಿತವನ್ನು ತೀರ್ಪುಗಾರನು ಒಮ್ಮೆ ಕಾಗದದ ಮೇಲೆ ಮಾಡಿ ತೋರಿಸಿದಾಗ, ಮೂವತ್ತು ವರ್ಷ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಅವರು ಅದನ್ನು ಓದಿ, ಮಡಿಸಿ ಜೇಬಿಗಿಟ್ಟುಕೊಂಡು, "ಲೆಕ್ಕ ಸರ್ಯಾಗದ ಸಾ, ಆದ್ರ ಕಿವಿ ಒಪ್ಪಲ್ಲ" ಎಂದರು.

ಈ ಸಾಧನಗಳ ಬಾಳಿಕೆಯ ಪ್ರಶ್ನೆಯನ್ನು ಬೇಗನೆ ಮುಗಿಸಬಹುದು. ದುಬಾರಿ ಹೆಡ್‌ಫೋನುಗಳಲ್ಲಿ ಮೊದಲು ಸಾಯುವುದು ಧ್ವನಿಪೊರೆಗಿಂತ ಹೆಚ್ಚಾಗಿ ಕಿವಿಮೆತ್ತೆ, ತಲೆಪಟ್ಟಿಯ ಸ್ಪಂಜು ಮತ್ತು ಜ್ಯಾಕಿನ ಬುಡದಲ್ಲಿ ಮುರಿಯುವ ತಂತಿ. ಇವನ್ನೆಲ್ಲ ಬಿಚ್ಚಿ ಬದಲಿಸಲು ಬರುವಂಥ ಮಾದರಿ ಹಲವು ವರ್ಷ ಬಾಳುತ್ತದೆ. ಬಯಲುಸೀಮೆಯ ಬೆವರು, ಕ್ವಾರಿಯ ದೂಳು ಮತ್ತು ಏರಿಳಿಯುವ ಕರೆಂಟು ಇವುಗಳ ಶತ್ರುಗಳು. ಆಂಪ್ಲಿಫೈಯರಿನಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದನ್ನು ಹೋಗಲಾಡಿಸಲು ಲೆಕ್ಕಿಗರು ಹಿತ್ತಲಿನ ಕರಿಬೇವಿನ ಬುಡದಲ್ಲಿ ಆಳುದ್ದ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಬೇರೆಯೇ ಅರ್ಥಿಂಗ್ ಮಾಡಿಸಿದರು. ಸದ್ದು ನಿಂತಿತು, ಮುಂದಿನ ಬೇಸಿಗೆಗೆ ಕರಿಬೇವಿನ ಗಿಡ ಒಣಗಿತು, ಮನೆಯವರು ಈ ಎರಡು ಸಂಗತಿಗಳ ಪೈಕಿ ಒಂದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಸೆನ್‌ಹೈಸರ್ ಸಂಸ್ಥೆಯ ಎಚ್‌ಇ 1 ಎಂಬ, ಐವತ್ತು ಸಾವಿರ ಡಾಲರಿಗೂ ಮಿಕ್ಕಿದ ಬೆಲೆಯ ಹೆಡ್‌ಫೋನಿನ ಆಂಪ್ಲಿಫೈಯರನ್ನು ಇಟಲಿಯ ಕರಾರಾ ಅಮೃತಶಿಲೆಯಲ್ಲಿ ಕೊರೆದು ಮಾಡುತ್ತಾರೆಂಬ ಸುದ್ದಿ ಓದಿದಂದಿನಿಂದ, ಕಂಪನ ತಡೆಯುವುದರಲ್ಲಿ ಚಾಮರಾಜನಗರದ ಕರಿಕಲ್ಲಿಗೆ ಸಮನಾದದ್ದು ಯಾವುದಿದೆಯೆಂಬುದು ಲೆಕ್ಕಿಗರ ನಿತ್ಯದ ಕೊರಗಾಗಿದೆ. ಹೊರದೇಶದ ಸಮಾಧಿಗಳ ಮೇಲೆ ನಿಲ್ಲುವ ಕಲ್ಲು ಆಂಪ್ಲಿಫೈಯರಿನ ಕೆಳಗೆ ನಿಲ್ಲಬಾರದೇಕೆ ಎಂದು ಕೇಳಿ, ಕ್ವಾರಿಯಿಂದ ತಂದ ಚಪ್ಪಡಿಯೊಂದರ ಮೇಲೆ ಮೂರೂ ಆಂಪ್ಲಿಫೈಯರುಗಳನ್ನು ಸ್ಥಾಪಿಸಿದ್ದಾರೆ.

ಆದರೆ ಈ ವರ್ಗದ ಕಡುಕಷ್ಟದ ಲಕ್ಷಣ ಇವಾವುವೂ ಅಲ್ಲ. ಶ್ರವಣಪಂಡಿತನು ಅತಿಥಿಗೆ ಹಾಡು ಕೇಳಿಸುತ್ತಾನೆ, ಕೇಳಲು ಬಿಡುವುದಿಲ್ಲ. ಇವರ ಹೋಲಿಕೆಗಳು ನಡೆಯುವುದು ಹೆಚ್ಚಾಗಿ ಗುಂಡ್ಲುಪೇಟೆಯಲ್ಲಿ, ಅದೂ ರಾತ್ರಿ ಒಂಬತ್ತರ ಮೇಲೆ. ಕಾರಣ, ಎರಡೂ ಹೆಡ್‌ಫೋನುಗಳು ಓಪನ್ ಬ್ಯಾಕ್, ಎಂದರೆ ಹಿಂಬದಿ ತೆರೆದಿರುವ ಮಾದರಿಗಳಾದ್ದರಿಂದ ಒಳಗಿನ ಹಾಡು ಹೊರಗೂ ಹೊರಗಿನ ಗದ್ದಲ ಒಳಗೂ ಧಾರಾಳವಾಗಿ ಓಡಾಡುತ್ತವೆ. ಊಟಿಗೂ ಕೇರಳಕ್ಕೂ ಹೋಗುವ ಲಾರಿಗಳ ಹಾರನ್ನು ಹಗಲಿಡೀ ತಪ್ಪುವುದಿಲ್ಲ. ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡಬಾರದೆಂದು 2009ರಲ್ಲಿ ಕಟ್ಟಳೆಯಾದ ಮೇಲೆ ಹೆದ್ದಾರಿ ಆ ಹೊತ್ತಿಗೆ ತಣ್ಣಗಾಗುತ್ತದೆ. ಹುಲಿ, ಆನೆಗಳಿಗಾಗಿ ಮಾಡಿದ ಈ ವ್ಯವಸ್ಥೆಗೆ ಗುಂಡ್ಲುಪೇಟೆಯಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಇನ್ನಿಬ್ಬರು ಫಲಾನುಭವಿಗಳಿದ್ದಾರೆಂಬುದು ಅರಣ್ಯ ಇಲಾಖೆಗೆ ತಿಳಿದಿರಲಾರದು.

ಅಂಥ ಒಂದು ರಾತ್ರಿ ತೀರ್ಪುಗಾರನ ಕಣ್ಣಿಗೆ ಟವಲು ಕಟ್ಟಿ, ಯಾವುದು ಯಾರದೆಂದು ಹೇಳದೆ, ಒಂದಾದ ಮೇಲೊಂದು ತಲೆಗಿಟ್ಟರು. 260 ಗ್ರಾಮಿಗೂ ಅರ್ಧ ಕಿಲೋಗೂ ಇರುವ ಅಂತರವನ್ನು ಕಿವಿಗಿಂತ ಮೊದಲು ಕುತ್ತಿಗೆ ಗುರುತಿಸುವುದರಿಂದ ಈ ಪರೀಕ್ಷೆ ಹುಟ್ಟುವಾಗಲೇ ಸತ್ತಿತ್ತು. ಅಮೆರಿಕದ ಹರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಸಂಗಡಿಗರು ಇದೇ ತೊಡಕಿಗೆ ಸಿಕ್ಕಿ, ಕೊನೆಗೆ ಒಂದೇ ಹೆಡ್‌ಫೋನಿನಲ್ಲಿ ಹಲವು ಹೆಡ್‌ಫೋನುಗಳ ಧ್ವನಿಯನ್ನು ಅನುಕರಿಸಿ ಪರೀಕ್ಷೆ ನಡೆಸಿದರು. ಗುಂಡ್ಲುಪೇಟೆಯಲ್ಲಿ ಆ ಸೌಕರ್ಯವಿರಲಿಲ್ಲ. ಹಾಡು ಶುರುವಾಗಿ, ಗಾಯಕ ಉಸಿರೆಳೆದುಕೊಂಡು, ಪಲ್ಲವಿಯ ಮೊದಲ ಸಾಲು ಮುಗಿಯುವಷ್ಟರಲ್ಲಿ ಹೆಡ್‌ಫೋನು ತಲೆಯಿಂದ ಮೇಲೆದ್ದು ಹೋಗುತ್ತಿತ್ತು, "ಯತ್ವಾಸ ಗೊತ್ತಾಯ್ತಾ ಅದಾ ಸಾ?" ಎಂಬ ಪ್ರಶ್ನೆ ಎರಡು ಕಡೆಯಿಂದಲೂ ಬರುತ್ತಿತ್ತು, ಉತ್ತರಕ್ಕೆ ಬಾಯಿ ತೆರೆಯುವುದರೊಳಗೆ ಇನ್ನೊಂದು ಹೆಡ್‌ಫೋನು ಇಳಿದು ಅದೇ ಉಸಿರು, ಅದೇ ಸಾಲು ಕೇಳಿಬರುತ್ತಿತ್ತು. ಸದ್ದು ಕೊಂಚ ಹೆಚ್ಚಾದದ್ದೇ ಮೇಲೆನಿಸುವುದು ಕಿವಿಯ ಸ್ವಭಾವವಾದ್ದರಿಂದ, ಹೋಲಿಕೆಗೆ ಮೊದಲು ಎರಡರ ಸದ್ದನ್ನೂ ಅಳೆದು ಸಮಮಾಡಬೇಕು. ಇಲ್ಲಿ ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಗುಂಡಿಯನ್ನು ಗುಟ್ಟಾಗಿ ಒಂದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ತೀರ್ಪುಗಾರನಿಗೆ ಆ ಹಾಡಿನಲ್ಲಿ ಚರಣವೆಂಬುದೊಂದು ಇದೆಯೇ ಎಂಬ ಸಂಶಯ ಹುಟ್ಟಿ, ಕಾಫಿಯ ಆಸೆಯಿಂದ ಎರಡಕ್ಕೂ "ಹೌದು" ಎಂದುಬಿಟ್ಟನು. "ಒಂದ್ ಹಾಡ್ನೂ ಪೂರ್ತಿ ಕೇಳ್ದೋರ್ನ ನಾ ಕಾಣ" ಎಂದು ಲೋಟ ಇಡುತ್ತ ಯಜಮಾನರ ಹೆಂಡತಿ ಹೇಳಿದ್ದೇ ಆ ರಾತ್ರಿಯ ಏಕೈಕ ಸರಿಯಾದ ತೀರ್ಪು.

ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯಲ್ಲಿ ದೇವರಗುಡ್ಡರು ಎಡಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಾಳವನ್ನು ಬೀಸಿ ಬಡಿದು ಕಂಸಾಳೆ ಕುಣಿಯುವಾಗ, ಮಾರು ದೂರದಲ್ಲಿ ನಿಂತಿದ್ದ ಲೆಕ್ಕಿಗರು "ಟ್ರೆಬಲ್ ಒಸಿ ಜಾಸ್ತಿ" ಎಂದರೆಂಬುದನ್ನೂ ಇಲ್ಲಿಯೇ ದಾಖಲಿಸಬೇಕು. ಬಳಿಕ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲವೆಂಬುದನ್ನೂ ಬಿಡಬಾರದು.

ಈ ಇತಿಹಾಸಕ್ಕೆ ತಿರುವು ಬಂದದ್ದು ಪಿ.ಬಿ. ಶ್ರೀನಿವಾಸರಿಂದ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಚಾಮರಾಜನಗರಕ್ಕೆ ದೂರವಲ್ಲದ ಕಾರಣ, ಅವರ ಚಿತ್ರಗಳಿಗೆ ಶ್ರೀನಿವಾಸರು ಹಾಡಿದ ಅರವತ್ತರ ದಶಕದ ಹಾಡುಗಳನ್ನು ಇಲ್ಲಿಯವರು ಮನೆಯ ಆಸ್ತಿಯೆಂದೇ ಬಗೆಯುತ್ತಾರೆ. ಆ ಕಾಲದ ಚಿತ್ರಗೀತೆಗಳು ಮೋನೊ ಮುದ್ರಣಗಳು. ಎರಡೂ ಕಿವಿಗೆ ಒಂದೇ ಧ್ವನಿ ಒಂದೇ ಪ್ರಮಾಣದಲ್ಲಿ ಹೋಗುವುದರಿಂದ ಗಾಯಕನು ಕೇಳುಗನ ತಲೆಯ ನಟ್ಟನಡುವೆ ನಿಂತು ಹಾಡಿದಂತಿರಬೇಕು. ಲೆಕ್ಕಿಗರು ಮಾತ್ರ ತಮ್ಮ ಹೆಡ್‌ಫೋನಿನಲ್ಲಿ ಶ್ರೀನಿವಾಸರು ತುಸು ಎಡಕ್ಕೆ ನಿಲ್ಲುತ್ತಾರೆಂದೂ, ಇದು ಸೌಂಡ್‌ಸ್ಟೇಜ್, ಅಂದರೆ ಧ್ವನಿಗಳು ಸುತ್ತಲೂ ತಮ್ಮ ತಮ್ಮ ಜಾಗದಲ್ಲಿ ಹರಡಿ ನಿಂತಂತೆ ತೋರುವ ಗುಣವೆಂದೂ, ಯಜಮಾನರ ಹೆಡ್‌ಫೋನಿಗೆ ಇದು ದಕ್ಕದ ಸೂಕ್ಷ್ಮವೆಂದೂ ವರ್ಷಗಟ್ಟಲೆ ವಾದಿಸುತ್ತಿದ್ದರು. ಇದನ್ನು ಪರೀಕ್ಷಿಸುವ ಉಪಾಯ ಬಹಳ ಸುಲಭದ್ದು: ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಂಡರೆ, ದೋಷ ಯಂತ್ರದಲ್ಲಿದ್ದ ಪಕ್ಷದಲ್ಲಿ ಗಾಯಕನು ಬಲಕ್ಕೆ ದಾಟುತ್ತಾನೆ. ತಿರುಗಿಸಿ ಹಾಕಲಾಯಿತು. ಶ್ರೀನಿವಾಸರು ಎಡಕ್ಕೇ ನಿಂತು ಹಾಡಿದರು. ಯಜಮಾನರ ಹೆಡ್‌ಫೋನನ್ನು ಹಾಕಿಸಿದರೂ ಕದಲಲಿಲ್ಲ.

ದೋಷ ಯಂತ್ರದ್ದಲ್ಲ, ಕಿವಿಯದೆಂದು ತಿಳಿದಾಗ ಗೆದ್ದ ಯಜಮಾನರು ನಗಲಿಲ್ಲ. ಕ್ವಾರಿಯ ಕಚೇರಿಯಲ್ಲಿ ಲೆಕ್ಕಿಗರ ಮೇಜಿನ ಬಲಕ್ಕೆ ಕಿಟಕಿ, ಕಿಟಕಿಯಾಚೆ ಕಂಪ್ರೆಸರ್ ಷೆಡ್ಡು, ಅದರಾಚೆ ಕಲ್ಲು ಕೊರೆಯುವ ಜ್ಯಾಕ್‌ಹ್ಯಾಮರುಗಳು. ಸೆಕೆಗೆ ಆ ಕಿಟಕಿಯನ್ನು ಮುಚ್ಚಿದ್ದೇ ಇಲ್ಲ. ವಯಸ್ಕರಿಗೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಮೀರಿ ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೆಡ್‌ಫೋನ್ ಬಳಸುವವರಿಗೆ ಹೇಳುತ್ತದೆ. ಸದ್ದು ಮೂರು ಡೆಸಿಬೆಲ್ ಏರಿದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಕಂಪ್ರೆಸರಿನ ಪಕ್ಕದಲ್ಲಿ ಕುಳಿತು ಕೂಲಿಕಾರರ ಹಾಜರಿ ಹಾಕುವವನಿಗೆ ಈ ಲೆಕ್ಕವನ್ನು ಯಾರೂ ಒಪ್ಪಿಸುವುದಿಲ್ಲ, ಷೆಡ್ಡಿನಾಚೆ ಕಲ್ಲು ಕೊರೆಯುವವನಿಗಂತೂ ಇಲ್ಲವೇ ಇಲ್ಲ.

ಮಕ್ಕಳ ಒತ್ತಾಯಕ್ಕೆ ಲೆಕ್ಕಿಗರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಬೇರೆ ಬೇರೆ ಸ್ವರಗಳು ಎಷ್ಟು ಸಣ್ಣ ಸದ್ದಿನಲ್ಲಿ ಕೇಳಿಸಲು ತೊಡಗುತ್ತವೆಂದು ತೋರಿಸುವ ಆಡಿಯೋಗ್ರಾಮ್ ಎಂಬ ನಕ್ಷೆಯಲ್ಲಿ ಬಲಗಿವಿಯ ಗೆರೆ ಇಡೀ ಉದ್ದಕ್ಕೂ ತುಸು ಕೆಳಗಿದ್ದು, 4,000 ಹರ್ಟ್ಸ್‌ನ ಹತ್ತಿರ ಗುಳಿಬಿದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಸೋಲುವುದು ಮೊದಲು ಆ ಸುಮಾರಿನಲ್ಲಿಯೇ. ಹೆಡ್‌ಫೋನುಗಳ ಇಂಥ ನಕ್ಷೆಗಳನ್ನು ನೂರಾರು ಓದಿದ್ದ ಲೆಕ್ಕಿಗರು ತಮ್ಮದನ್ನೂ ಕನ್ನಡಕ ಒರೆಸಿಕೊಂಡು ಓದಿ, ಪರೀಕ್ಷೆಗೆ ಯಾವ ಹೆಡ್‌ಫೋನು ಬಳಸಿದರೆಂದು ವಿಚಾರಿಸಿದರಂತೆ. ಶ್ರವಣಪರೀಕ್ಷೆಯಲ್ಲಿ ಟಿಡಿಎಚ್-39 ಎಂಬ ಮಾದರಿ ದಶಕಗಳಿಂದ ಪ್ರಸಿದ್ಧವೆಂದು ತಿಳಿದುಕೊಂಡು, "ಅದ್ರಲ್ಲಿ ಬಾಸೇ ಬರಲ್ವಲ್ಲ ಸಾ, ಆ ರಿಪೋರ್ಟ ಎಂಗ್ ನಂಬದು?" ಎಂದು ತೀರ್ಪುಗಾರನಲ್ಲಿ ದೂರಿಕೊಂಡರು. ನಕ್ಷೆಯನ್ನು ಮಾತ್ರ ಎಸೆಯದೆ, ಹೆಡ್‌ಫೋನುಗಳ ನಕ್ಷೆಗಳಿರುವ ಫೈಲಿನಲ್ಲಿಯೇ, ಎಚ್‌ಡಿ 650ರ ಹಿಂದೆ ಸೇರಿಸಿಟ್ಟರು.

ಕೆಲವು ವಾರಗಳ ಬಳಿಕ ಹೊಸ ಬೆಳ್ಳಿ ತಂತಿಯೊಂದು ಬಂದಿತು. ಅದನ್ನು ಜೋಡಿಸಿದಂದು ಶ್ರೀನಿವಾಸರು ನಡುವಿಗೆ ಬಂದು ನಿಂತರೆಂದು ಲೆಕ್ಕಿಗರು ಗುಂಡ್ಲುಪೇಟೆಗೆ ಫೋನು ಮಾಡಿ ಸಾರಿದರು. ಆ ಸಂಜೆ ಯಾರಿಗೂ ಏನನ್ನೂ ಕೇಳಿಸದೆ, ಕಣ್ಣು ಮುಚ್ಚಿ ಒಂದಾದ ಮೇಲೊಂದು ಹಾಡನ್ನು ಚರಣದ ಕೊನೆಯವರೆಗೆ ತಾವೇ ಕೇಳುತ್ತ ಕುಳಿತಿದ್ದರು. ಪಕ್ಕದಲ್ಲಿದ್ದ ತೀರ್ಪುಗಾರನಿಗೆ ಚಪ್ಪಡಿಯ ಮೇಲೆ ತೆರೆದಿದ್ದ ಮೊಬೈಲಿನ ಪರದೆ ಕಾಣುತ್ತಿತ್ತು. ಅದರಲ್ಲಿ ಎಡಬಲ ಕಿವಿಗಳ ಸದ್ದನ್ನು ಹೊಂದಿಸುವ ಗುರುತು ನಡುವಿನಿಂದ ಒಂದು ಬೆರಳಿನಷ್ಟು ಬಲಕ್ಕೆ ಸರಿದಿತ್ತು. ಆತ ಈ ಬಾರಿ ಏನನ್ನೂ ಹೇಳಲಿಲ್ಲ. ಗುಂಡ್ಲುಪೇಟೆಯ ಯಜಮಾನರು ಅದೇ ತಂತಿಗೆ ಮಾರನೆಯ ದಿನವೇ ಆರ್ಡರ್ ಹಾಕಿದರು.