ನಾಲ್ಕು ಕಾಲಿಗೆ ನೂರು ಸಲಹೆ

ಕುಂಭಾಶಿಯವರಿಗೆ ಕುದುರೆಯ ಸಹವಾಸ ಕಡಿಮೆ. ಊರ ದೇವರು ಆನೆಗುಡ್ಡೆಯ ವಿನಾಯಕ. ಮುಖ ಆನೆಯದು, ವಾಹನ ಇಲಿ. ಅತಿ ದೊಡ್ಡದೂ ಅತಿ ಚಿಕ್ಕದೂ ಅಲ್ಲಿಗೇ ಮುಗಿದದ್ದರಿಂದ ನಡುಗಾತ್ರದ ಕುದುರೆಗೆ ಜಾಗ ಉಳಿದಿಲ್ಲ. ಗದ್ದೆಗೆ ಕೋಣ, ಹಟ್ಟಿಗೆ ದನ, ಹೆದ್ದಾರಿ 66ಕ್ಕೆ ಬಸ್ಸು. ಕುದುರೆ ಬೇಕೆಂದರೆ ಯಕ್ಷಗಾನಕ್ಕೆ ಹೋಗಬೇಕು. ಅಲ್ಲಿಯೂ ಅಶ್ವಮೇಧದ ಕುದುರೆ ಭಾಗವತರ ಪದದಲ್ಲಿ, ವೇಷಧಾರಿಯ ಮಾತಿನಲ್ಲಿ ದೇಶ ಸುತ್ತುತ್ತದೆಯೇ ಹೊರತು ರಂಗಸ್ಥಳಕ್ಕೆ ಬಂದು ಲದ್ದಿ ಹಾಕುವುದಿಲ್ಲ.

ಇಂಥ ಊರಿನಲ್ಲಿ ಕೂತಿದ್ದ ನನಗೆ, ಬೆಂಗಳೂರಿನಲ್ಲಿ ಸವಾರಿ ಕಲಿಯುವ ತಂಗಿಯ ಮಗಳು ಫೋನು ಮಾಡಿ, “ಮಾವ, ಕುದ್ರಿ ಕಾಲಿಗೆ ಬೂಟ್ ಬೇಕ್. ಯಾವ್ದ್ ಒಳ್ಳೇದ್, ನೀವೇ ಹೇಳಿ” ಎಂದಳು. ನನ್ನ ಅಶ್ವಜ್ಞಾನವನ್ನು ನಂಬಿ ಕೇಳಿದ್ದಲ್ಲ; ಹಣ ಕೊಡುವವರನ್ನು ಒಂದು ಮಾತು ಕೇಳುವುದು ಮರ್ಯಾದೆ ಎಂದು ಕೇಳಿದ್ದು.

ಅವಳ ಆಟದ ಹೆಸರು ಈವೆಂಟಿಂಗ್. ಅದರಲ್ಲಿ ಮೂರು ಪರೀಕ್ಷೆ. ಮೊದಲನೆಯದು ಡ್ರೆಸ್ಸಾಜ್, ಕುದುರೆಯ ಶಿಸ್ತಿನ ನಡಿಗೆ. ಆಗ ಕಾಲಿಗೆ ಬೂಟು ಹಾಕಿದರೆ ನಿಯಮ ಒಪ್ಪುವುದಿಲ್ಲ. ಕೊನೆಯದು ಕೋಲುಗಳ ಮೇಲಿನ ಜಿಗಿತ. ಕಾಲು ತಾಗಿದರೆ ಕೋಲು ಬೀಳುತ್ತದೆ, ಅಂಕ ಹೋಗುತ್ತದೆ. ನಡುವಿನದು ಕ್ರಾಸ್ ಕಂಟ್ರಿ. ಅಲ್ಲಿ ದಿಮ್ಮಿ, ಹಳ್ಳ, ದಿಬ್ಬ, ನೀರಗುಂಡಿಗಳನ್ನು ದಾಟುತ್ತ ಓಡಬೇಕು. ಅಲ್ಲಿಯ ದಿಮ್ಮಿ ಬೀಳುವ ಜಾತಿಯದಲ್ಲ. ತಾಗಿದರೆ ಪೆಟ್ಟಾಗುವುದು ಕಾಲಿಗೇ. ದೊಡ್ಡ ಸ್ಪರ್ಧೆಗಳಲ್ಲಿ ವೇಗ ನಿಮಿಷಕ್ಕೆ 570 ಮೀಟರ್.

ಈ ಆಟದಲ್ಲಿ ನಮ್ಮ ರಾಜ್ಯಕ್ಕೂ ಹೆಸರಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತೀಯರೊಬ್ಬರು ಪಡೆದ ಮೊದಲ ವೈಯಕ್ತಿಕ ಏಷ್ಯನ್ ಪದಕವದು. ಟೋಕಿಯೊ ಒಲಿಂಪಿಕ್ಸ್‌ಗೂ ಅದೇ ಜೋಡಿ ಹೋಯಿತು, 23ನೆಯ ಸ್ಥಾನ ಪಡೆಯಿತು. ಆ ಕ್ರಾಸ್ ಕಂಟ್ರಿ ನಡೆದ ಸೀ ಫಾರೆಸ್ಟ್, ಟೋಕಿಯೊ ಕೊಲ್ಲಿಯಲ್ಲಿ ಕಸ ತುಂಬಿಸಿ ಮಾಡಿದ ನೆಲ. ಕಸದ ಗುಡ್ಡೆಯ ಮೇಲೆ ಒಲಿಂಪಿಕ್ಸ್ ನಡೆಸಬಹುದೆಂದು ನಮ್ಮ ಪಂಚಾಯತಿಗಳಿಗೆ ತಿಳಿದರೆ ಕಸ ಎತ್ತಿಸುವ ಮಾತೇ ನಿಂತೀತು.

ಇನ್ನು ಕಾಲಿನ ವಿಷಯ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಅದರ ಹಿಂದೆ ಸ್ನಾಯುರಜ್ಜು, ಮೇಲೆ ತೆಳು ಚರ್ಮ. ನಾಲ್ಕೈದು ಕ್ವಿಂಟಾಲು ಮೈ ಇರುವ ಪ್ರಾಣಿಗೆ ದೇವರು ಕಾಲಿನ ಬಾಬತ್ತಿನಲ್ಲಿ ಮಾತ್ರ ಕೈ ಬಿಗಿ ಹಿಡಿದಂತಿದೆ. ಓಟದ ಭರದಲ್ಲಿ ಹಿಂಗಾಲಿನ ಗೊರಸು ಮುಂದೆ ಬಂದು ಮುಂಗಾಲಿನ ರಜ್ಜುವಿಗೇ ಹೊಡೆಯುವುದುಂಟು. ಹಾಗಾಗಿ ಮುಂಗಾಲಿನ ಬೂಟಿಗೆ ಹಿಂಬದಿಯಲ್ಲಿ ಗಟ್ಟಿ ಫಲಕ ಬೇಕು. ಹಿಂಗಾಲು ದಿಮ್ಮಿಗೆ ತಾಗುವುದು ಎದುರಿನಿಂದ, ಜೊತೆಕಾಲಿಗೆ ತಾಗುವುದು ಒಳಬದಿಯಿಂದ. ಅದರ ಬೂಟಿಗೆ ಗಟ್ಟಿತನ ಅಲ್ಲಿ. ಹಿಮ್ಮಡಿ ಕಾಯಲು ಗೊರಸಿನ ಸುತ್ತ ಗಂಟೆಯಾಕಾರದ ರಬ್ಬರು ಬೇರೆ. ಎರಡು ಕಾಲಿನ ನಮಗೆ ಒಂದೇ ನಮೂನೆಯ ಜೋಡು ಸಾಕು. ನಾಲ್ಕು ಕಾಲಿನವರಿಗೆ ಮೂರು ನಮೂನೆ.

ವಿಷಯ ಊರಲ್ಲಿ ಹಬ್ಬಿತು. ಕುದುರೆ ಇಲ್ಲದ ಊರಿನಲ್ಲಿ ಕುದುರೆಯ ಬಗ್ಗೆ ಸಲಹೆಗೆ ಬರವಿಲ್ಲ. ಮೊದಲು ಬಾಯಿ ಹಾಕಿದವರು ವಂಡಾರು ಕಂಬಳಕ್ಕೆ ಕೋಣ ಇಳಿಸಿ ಗೊತ್ತಿದ್ದ ಹಿರಿಯರು. “ಕೋಣಕ್ಕೆ ಬೂಟ್ ಹಾಕ್ರೆ ಕೋಣ ಆಚಿಗೆ ಹೋತ್ತ್, ಬೂಟ್ ಕೆಸರಂಗೆ ಉಳಿತ್ತ್” ಎಂದು ಎಲೆ ಮಡಚಿದರು. ನಗೆಯ ಮಾತಾದರೂ ತೂಕದ್ದು. ಕ್ರಾಸ್ ಕಂಟ್ರಿಯ ಬೂಟು ನೀರಗುಂಡಿಗೆ ಇಳಿದು ಏಳಬೇಕು. ಒಳಗಡೆ ಉಣ್ಣೆಯಂಥದ್ದಿದ್ದರೆ ನೀರು ಕುಡಿದು ಭಾರವಾಗುತ್ತದೆ. ಕಾಲಿನ ತುದಿಯಲ್ಲಿ ಹೆಚ್ಚಿದ ಭಾರವನ್ನು ಕುದುರೆ ಹೆಜ್ಜೆ ಹೆಜ್ಜೆಗೂ ಎತ್ತಬೇಕು. ನೀರು ಹೊಕ್ಕಷ್ಟೇ ಬೇಗ ಹೊರಬೀಳುವ, ಹಗುರ ಬೂಟೇ ಆಗಬೇಕು.

ಮೇಳದಲ್ಲಿ ತಿರುಗಾಟ ಮಾಡಿ ಈಗ ಮನೆಯಲ್ಲಿರುವ ನೆರೆಮನೆಯ ವೇಷಧಾರಿಗಳದು ಇನ್ನೊಂದು ಬಗೆ. ಗೆಜ್ಜೆ ಸಡಿಲವಾದರೆ ಕುಣಿತದ ನಡುವೆ ಜಾರುತ್ತದೆ, ಬಿಗಿಯಾದರೆ ಬೆಳಗಿನ ಜಾವದೊಳಗೆ ಕಾಲು ತನ್ನದಲ್ಲ ಎನ್ನಿಸುತ್ತದೆ ಎಂದರು. ಸವಾರರೂ ಹೇಳುವುದು ಅದನ್ನೇ: ಬೂಟಿನೊಳಗೆ ಒಂದು ಬೆರಳು ಹೋಗಬೇಕು, ಪಟ್ಟಿಗಳೆಲ್ಲ ಒಂದೇ ಹದಕ್ಕಿರಬೇಕು, ಅವು ಕಾಲಿನ ಹೊರಮೈಯಲ್ಲಿ ಮುಂದಿನಿಂದ ಹಿಂದಕ್ಕೆ ಎಳೆಯುವಂತಿರಬೇಕು. ಒಳಗೆ ಮರಳು ಸೇರಿದರೆ ಚರ್ಮ ತರಚುತ್ತದೆ. ನೀರು ಕುಡಿದ ಜೋಡು, ಮರಳು ಹೊಕ್ಕ ಜೋಡು, ಈ ಎರಡರ ಬಗ್ಗೆ ಮಳೆಗಾಲ ಮತ್ತು ಕಡಲು ಎರಡನ್ನೂ ಉಂಡ ಕುಂದಾಪುರ ಸೀಮೆಯವರ ಮಾತನ್ನು ಯಾವ ದೇಶದ ಸವಾರನೂ ತೆಗೆದುಹಾಕುವಂತಿಲ್ಲ.

ಹಾಗಾದರೆ ದಪ್ಪಗಿರುವುದನ್ನೇ ಕೊಂಡು ನಿಶ್ಚಿಂತೆಯಿಂದ ಇರೋಣವೆಂದರೆ ಅದೂ ಆಗದು. ನಾಗಾಲೋಟದಲ್ಲಿ ಸ್ನಾಯುರಜ್ಜು ತಾನೇ ಬಿಸಿಯಾಗುತ್ತದೆ. ಅದರ ಒಳಗಿನ ಶಾಖ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದನ್ನು 1994ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಳೆದು ತೋರಿಸಿತು. ಅದರ ಮೇಲೆ ಗಾಳಿಯಾಡದ ದಪ್ಪ ಹೊದಿಕೆ ಹಾಕಿದರೆ ಪೆಟ್ಟು ತಪ್ಪೀತು, ಬೇಗೆ ತಪ್ಪದು. ಹೆದರಿಕೆ ಹೆಚ್ಚಾದಷ್ಟೂ ಬೂಟು ದಪ್ಪವಾಗುತ್ತದೆ, ಬೂಟು ದಪ್ಪವಾದಷ್ಟೂ ಹೆದರಬೇಕಾದ ಕಾರಣವೂ ಹೆಚ್ಚುತ್ತದೆ. ನನ್ನ ತಂಗಿಗೆ ಇದನ್ನು ವಿವರಿಸಿದೆ. ಅವಳು, “ಅದೆಲ್ಲ ಇರ್ಲಿ, ಹೆಣ್ಣಿನ ಹೆಲ್ಮೆಟ್ ದಪ್ಪ ಇತ್ತಾ?” ಎಂದು ಕೇಳಿದಳು.

ಹಿಂದಿನವರಿಗೆ ಈ ತಲೆಬಿಸಿ ಇರಲಿಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ನಿಜವಾದ ಕ್ರಾಸ್ ಕಂಟ್ರಿ ಎಂದರೆ ಅದು. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಂತೆ, ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ, ಬದುಕಿರಲಿ ಸತ್ತಿರಲಿ, ಕುದುರೆ ಕೊಳ್ಳುತ್ತಿದ್ದ. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಎಣಿಸುತ್ತಿದ್ದ. ಬಾಲಕ್ಕೇ ಅಷ್ಟು ಬೆಲೆ ಸಿಗುವಾಗ ಕಾಲಿನ ಚಿಂತೆ ಯಾರಿಗೆ?

ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಬ್ಬಿ ಒಂದೇ ಪ್ರಶ್ನೆ ಹಾಕಿದರು: “ಕುದ್ರಿ ಹತ್ರ ಕೇಂಡ್ಯಾ ಮಗಾ?”

ಕೇಳುವ ದಾರಿ ಇದೆಯಂತೆ. ಹೊಸ ಬೂಟು ಹಾಕಿದ ಕೂಡಲೆ, ಅದರಲ್ಲೂ ಹಿಂಗಾಲಿಗೆ, ಕುದುರೆ ಕಾಲನ್ನು ಎತ್ತೆತ್ತಿ ಹಾಕುತ್ತದೆ. ಪಾದಕ್ಕೆ ಅಂಟಿದ ಏನನ್ನೋ ಕೊಡವುವ ನಾಟಕ. ಸರಿಯಾದ ಬೂಟಾದರೆ ಸ್ವಲ್ಪ ಹೊತ್ತಿಗೆಲ್ಲ ಮರೆತು ತನ್ನ ನಡೆಗೆ ಬರುತ್ತದೆ. ಆಮೇಲೆ ಬೂಟು ಬಿಚ್ಚಿ ಚರ್ಮದಲ್ಲಿ ಗೀರು, ಒತ್ತು, ಬಿಸಿ ಇದೆಯೇ ಎಂದು ಕೈಯಾಡಿಸಿ ನೋಡಬೇಕು. ಹಾಗಾಗಿ ನಾನು ಹಣ ಕಳಿಸುವಾಗ ಒಂದೇ ಶರತ್ತು ಹಾಕಿದೆ: ಬಣ್ಣ ನೀನು ಆರಿಸು, ಅಳತೆ ನಿನ್ನ ಗುರುಗಳು ನೋಡಲಿ, ಬಿಲ್ಲು ಮಾತ್ರ ಕುದುರೆ ಪಾಸು ಮಾಡುವ ತನಕ ಹರಿಯಬೇಡ.